ಮಧ್ಯಾಹ್ನದ ಆಟ

ಭಾನುವಾರ, ಜೂನ್ ೧೪

ಪ್ರೀತಿಯ ಅತ್ತಿಗೆಗೆ ನಿನ್ನ ನಾದಿನಿಯ ನಮಸ್ಕಾರ.

ಮದುವೆಯಾಗಿ ನಾಲ್ಕು ತಿಂಗಳಾದರೂ ಒಂದು ಕಾಗದ ಹಾಕಲಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ. ನಾಲ್ಕನೇ ಕ್ಲಾಸು ಓದಿದವಳ ಕಾಗದ, ಎರಡು ಸಲ ಬರೆದು ಹರಿದೆ. ಇದನ್ನು ಅಣ್ಣನ ಕೈಗೆ ಮಾತ್ರ ಕೊಡಬೇಡ.

ನಾವು ಚೆನ್ನಾಗಿದ್ದೇವೆ. ಇವರು ಬೆಳಗಿನ ಜಾವಕ್ಕೇ ಬೇಕರಿಗೆ ಹೋಗಿ ಮಧ್ಯಾಹ್ನ ಬರುತ್ತಾರೆ, ಹುಬ್ಬಿನ ಮೇಲೆಲ್ಲ ಹಿಟ್ಟು. ಸಂಜೆ ಏಳಕ್ಕೆಲ್ಲ ಮಲಗಿಬಿಡುತ್ತಾರೆ. ನಾನು ಒಂದು ಹೋಟೆಲಿನ ಲಾಂಡ್ರಿಗೆ ಸೇರಿದ್ದೇನೆ. ಬೆಡ್‌ಶೀಟು ಮಡಚುವ ಕೆಲಸ. ಇಬ್ಬಿಬ್ಬರು ಎದುರುಬದುರು ನಿಂತು, ತುದಿ ಹಿಡಿದು ಜಾಡಿಸಿ, ಒಬ್ಬರತ್ತ ಒಬ್ಬರು ನಡೆದು, ಮೂಲೆಗೆ ಮೂಲೆ ಸೇರಿಸಿ, ಮತ್ತೆ ಹಿಂದೆ ಸರಿಯಬೇಕು. ದಿನವೆಲ್ಲ ಇದೇ. ಸಂಜೆ ಹೊತ್ತಿಗೆ ತೋಳು ನನ್ನದೇ ಹೌದೋ ಅಲ್ಲವೋ ಅನ್ನಿಸುತ್ತದೆ.

ಅಲ್ಲಿನ ಹೆಂಗಸರ ಬಾಯಿ ನಿನ್ನದಕ್ಕಿಂತ ಜೋರು. ರಜೆ ಮುಗಿಸಿ ಬಂದವಳನ್ನು ಮೊದಲು ಕೇಳುವುದೇ, "ಏನೇ, ನಿನ್ನೆ ಪಂದ್ಯ ಹೇಗಿತ್ತು?" ಸೋಪು ಹಾಕುವವಳು ಹೇಳುತ್ತಾಳೆ, "ನಮ್ಮೋನು ಮೈದಾನಕ್ಕೆ ಇಳಿಯೋಕೆ ಮುಂಚೆ ಅರ್ಧ ಗಂಟೆ ಬೆನ್ನು ನೀವಿಸ್ಕೋತಾನೆ. ಇಳಿದ್ರೆ ಎರಡೇ ಬಾಲಿಗೆ ಔಟು. ಆಮೇಲೆ ಕಪ್ ಗೆದ್ದೋನ ಹಾಗೆ ಗೊರಕೆ!"

ಇಸ್ತ್ರಿ ಮಾಡುವ ದೊಡ್ಡಕ್ಕನೇ ಅಲ್ಲಿ ಅಂಪೈರು. ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ತೀರ್ಪು ಕೊಡುತ್ತಾಳೆ. "ಹೆಂಗಸು ರೆಡಿ ಅನ್ನೋ ಮುಂಚೆ ಹಾಕಿದ್ರೆ ನೋ ಬಾಲು. ಆಟ ಮುಗಿದ ತಕ್ಷಣ ಗೋಡೆ ಕಡೆ ತಿರುಗಿದ್ರೆ ಮುಂದಿನ ಪಂದ್ಯಕ್ಕೆ ಸೇರಿಸ್ಕೋಬೇಡ."

ನನ್ನನ್ನು ಕೇಳಿದಾಗ, "ಡ್ರಾ ಆಯ್ತು" ಅಂದೆ. ಹೋ ಅಂತ ನಕ್ಕರು. ಡ್ರಾ ಆಗಬೇಕಾದರೂ ಇಬ್ಬರು ಆಡಿರಬೇಕಲ್ಲ ಅತ್ತಿಗೆ.

ಇವರು ಒಳ್ಳೆಯವರು. ಮುರಿದ ಬಿಸ್ಕತ್ತು ಜೇಬಿನಲ್ಲಿ ತಂದುಕೊಡುತ್ತಾರೆ. ಮಂಚ ನನಗೆ ಬಿಟ್ಟು ತಾವು ಚಾಪೆಯ ಮೇಲೆ ಮಲಗುತ್ತಾರೆ. "ಮೂಟೆ ಹೊತ್ತು ಬೆನ್ನು ನೋವು, ನೆಲವೇ ವಾಸಿ" ಅನ್ನುತ್ತಾರೆ. ನಾನೂ ಹೂಂ ಅನ್ನುತ್ತೇನೆ. ಈಗೀಗ ಹೂಂ ಅನ್ನುವುದಕ್ಕೂ ಸುಸ್ತು.

ಮಕ್ಕಳು ಚೆನ್ನಾಗಿ ಓದಲಿ, ನನ್ನ ಹಾಗೆ ನಡುವೆ ಬಿಡಿಸಬೇಡ. ಅಣ್ಣನ ಕೆಮ್ಮು ಬೇಗ ವಾಸಿಯಾಗಲಿ. ನಿನ್ನ ನಗು ಹಾಗೇ ಇರಲಿ.

ಇಂತಿ ನಿನ್ನ,
ನಾದಿನಿ

ತಾ.ಕ.: ಮರೆತಿದ್ದೆ ಅಂತ ಬರೆಯುವುದಿಲ್ಲ, ಮರೆತಿರಲಿಲ್ಲ. ಮದುವೆಯ ಹಿಂದಿನ ದಿನ ಅಡುಗೆಮನೆ ಬಾಗಿಲು ಹಾಕಿಕೊಂಡು ನೀನು ನನಗೆ ಎಲ್ಲ ಹೇಳಿಕೊಟ್ಟೆಯಲ್ಲ, ಕೊನೆಗೆ, "ನಿಮ್ಮಣ್ಣ ಮೊದಲ್ನೇ ದಿನ ಟಾಸ್ ಗೆದ್ದು ನಿದ್ದೆ ಆರಿಸ್ಕೊಂಡ್ರು" ಅಂದೆ. ಯಾರಿಗೂ ಹೇಳಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡೆ. ನಮ್ಮ ಮೊದಲ ಮಧ್ಯಾಹ್ನ, ಇವರು ಅಂಗಿಯ ಗುಂಡಿ ಬಿಚ್ಚುತ್ತಿದ್ದಾಗ, ಹಾಳಾದ್ದು ಅದೇ ನೆನಪಾಗಿ ನಕ್ಕುಬಿಟ್ಟೆ. "ಯಾಕೆ ನಕ್ಕೆ?" ಅಂದರು. ಅಣ್ಣನ ಗುಟ್ಟು, ನಿನ್ನ ಆಣೆ, ಏನು ಹೇಳಲಿ? "ಏನಿಲ್ಲ" ಅಂದೆ. ಇವರು ಒಂದೊಂದಾಗಿ ಗುಂಡಿ ಹಾಕಿಕೊಂಡರು. ಅವತ್ತಿನಿಂದ ಚಾಪೆ.

ನಿನ್ನೆ ನಾನೊಬ್ಬಳೇ ಮನೆಯ ಬೆಡ್‌ಶೀಟು ಮಡಚುತ್ತಿದ್ದಾಗ ಇವರು ಬಂದು ಆ ತುದಿ ಹಿಡಿದರು. ಜಾಡಿಸಿದೆವು. ಹತ್ತಿರ ಬಂದೆವು. ಮೂಲೆಗಳನ್ನು ನನ್ನ ಕೈಗೆ ಕೊಡುತ್ತಾ, "ಇವತ್ತು ನಗಲಿಲ್ಲವಲ್ಲ ನೀನು" ಅಂದರು.

ಆಣೆ ಬಿಡಿಸು ಅತ್ತಿಗೆ. ಗುರುವಾರ ನನಗೆ ರಜೆ, ಅಷ್ಟರೊಳಗೆ ಕಾಗದ ಬರಲಿ. ಬಾರದಿದ್ದರೂ ಹೇಳಿಬಿಡುತ್ತೇನೆ. ಅಣ್ಣನನ್ನು ನೀನೇ ಸಮಾಧಾನ ಮಾಡು.