ಗುಜರಿಯವನಿಗೆ ಬೈಕ್ ಕೊಡಬೇಡ

ಅಕ್ಕಾ,

ಗುಜರಿಯವನು ಬಂದರೆ ಬೈಕ್ ಕೊಡಬೇಡ. ಮಾತು ಕೊಟ್ಟದ್ದು ಅಪ್ಪ ತಾನೇ, ಅಪ್ಪನನ್ನೇ ಹೊತ್ತುಕೊಂಡು ಹೋಗಲಿ. ನನ್ನನ್ನು ಕೇಳದೆ ಮಾರೋಕೆ ಅದೇನು ಒಡೆದ ಬಕೆಟ್ಟಾ?

ಬೈಕ್ ಮುಗ್ಗರಿಸುವ ರೋಗ ಏನಂತ ಸಿಕ್ಕಿದೆ. ಪ್ಲಗ್, ಫಿಲ್ಟರ್, ಇಂಜೆಕ್ಟರ್ ಎಲ್ಲಾ ಸರಿಯಿವೆ. ಆಕ್ಸಿಲರೇಟರ್ ಎಷ್ಟು ತಿರುವಿದೆವು ಅಂತ ಇಂಜಿನ್ನಿಗೆ ಹೇಳುವ ಸೆನ್ಸಾರ್ ಒಂದಿದೆ. ಅದಕ್ಕೆ ಮೀಟರ್ ಹಚ್ಚಿ ಮೆಲ್ಲಗೆ ತಿರುವಿದೆ. ಏರುತ್ತಿದ್ದ ಮುಳ್ಳು ಒಂದೇ ಒಂದು ಜಾಗದಲ್ಲಿ ದೊಪ್ಪನೆ ಬಿದ್ದು ಮತ್ತೆ ಎದ್ದಿತು. ಬೈಕ್ ಮುಗ್ಗರಿಸುವುದು ಅಲ್ಲೇ. ಬಿಚ್ಚಿ ನೋಡಿದರೆ ಒಳಗಿನ ಕಪ್ಪು ಪಟ್ಟಿ ಹೊಸದರ ಹಾಗಿದೆ, ಆ ಜಾಗ ಮಾತ್ರ ಸವೆದು ಬಿಳಿಚಿದೆ.

ಅದು ಯಾವ ಜಾಗ ಗೊತ್ತಾ? ನಿನ್ನ ಬೆನ್ನಿನ ಆಪರೇಷನ್ ಆದಮೇಲೆ ನಿನ್ನನ್ನು ಹಿಂದೆ ಕೂರಿಸಿಕೊಂಡು ಅಪ್ಪ ಹೋಗುತ್ತಿದ್ದ ಸ್ಪೀಡು. ಸೈಕಲ್ಲಿನವರೂ ದಾಟಿಕೊಂಡು ಹೋಗಿ ನಗುತ್ತಿದ್ದರಲ್ಲ, ಅದೇ. ಇಷ್ಟು ವರ್ಷ ಆ ಮನುಷ್ಯನ ಕೈ ಕೂದಲೆಳೆಯಷ್ಟೂ ಆಚೀಚೆ ಹೋಗಿಲ್ಲ! ನನ್ನ ಹತ್ತಿರ ಮಾತ್ರ, "ನಿಧಾನ ಹೋದ್ರೆ ಪೆಟ್ರೋಲ್ ಉಳಿಯುತ್ತೆ ಕಣೋ" ಅಂದಿದ್ದ. ಸುಳ್ಳುಗಾರ. ಈಗ ಮಾರುತ್ತಿರುವುದೂ ತಿರುವಿನಲ್ಲಿ ಮುಗ್ಗರಿಸಿ ನಿನ್ನನ್ನು ಕೆಡವೀತು ಅನ್ನುವ ಭಯಕ್ಕೇ. ಬಾಯಿಬಿಟ್ಟು ಹೇಳಿದರೆ ಹಲ್ಲು ಉದುರುತ್ತಿತ್ತಾ?

ಹಳೇ ಪಾರ್ಟ್ಸ್ ಅಂಗಡಿಗೆ ಹೋಗಿ ಬೇರೆ ಸೆನ್ಸಾರ್ ತರುತ್ತೇನೆ. ಅಲ್ಲಿಯವರೆಗೆ ಬೈಕ್ ಯಾರೂ ಮುಟ್ಟಬೇಡಿ. ಸಂಜೆ ಅಪ್ಪ ಓಡಿಸಲಿ, ನೀನು ಹಿಂದೆ ಕೂತು ನೋಡು.

ಹಳೇದು ಕಿಟಕಿಯ ಮೇಲಿನ ಲೋಟದಲ್ಲಿದೆ. ಗುಡಿಸುವಾಗ ಕಸ ಅಂತ ಎಸೆದುಬಿಟ್ಟೀಯ ಜೋಕೆ. ಒಂದು ಸಲ ಬೆಳಕಿಗೆ ಹಿಡಿದು ನೋಡು.

ಹೊಸದೂ ಅಲ್ಲೇ ಸವೆಯುತ್ತೆ. ಸವೆಯಲಿ ಬಿಡು.