ಹಲಗೆಯ ಮೇಲಿನ ಕೆಜಿ

ಜನವರಿ ಒಂಬತ್ತು, ರಾತ್ರಿ ಎಂಟೂವರೆ. ದಿನವಿಡೀ ಕಾಫಿ ಕೊಯ್ಲು. ತೂಕ ಬರೆಯುವ ಹಲಗೆಯಲ್ಲಿ ನಮ್ಮ ಗ್ಯಾಂಗು ಇವತ್ತೂ ಕೊನೆಗೇ ಇತ್ತು.

ನಮ್ಮದು ನಾನೂರು ಕೆಜಿ, ಕೆಳಗಿನ ಬ್ಲಾಕಿನವರದು ಆರುನೂರು. ತೋಟದ ಲೆಕ್ಕ ಬರೆಯುವ ರೈಟರ್ ಚಿದಾನಂದ ಎಲ್ಲರೆದುರು, "ಏನ್ ಗಿರಿಜಕ್ಕ, ಗಿಡದ ಹತ್ರ ಕಷ್ಟ ಸುಖ ಮಾತಾಡ್ಕೊಂಡು ಕೊಯ್ತೀರೋ ಹೆಂಗೆ?" ಅಂದರು. ಜನ ನಕ್ಕರು. ನಮ್ಮ ಯಜಮಾನರು ತೀರಿಕೊಂಡ ಮೇಲೆ ನನಗೆ ಬಂದ ಗ್ಯಾಂಗಿನ ಮೇಸ್ತ್ರಿ ಕೆಲಸ ಹೋಗಿಬಿಡುತ್ತದೆ ಎಂದು ಹೆದರಿದ್ದೆ. ಆದರೂ ಇವರ ಹಾಗೆಯೇ ತೂಕಕ್ಕೆ ಮೊದಲು ಚೀಲ ಸುರಿದು, ಹಸಿರು ಕಾಯಿ ಆರಿಸಿ ತೆಗೆಸುವುದನ್ನು ಬಿಟ್ಟಿರಲಿಲ್ಲ.

ಸಂಜೆ ತೋಟದ ಗೌಡರ ಸೊಸೆ ದೀಪಶ್ರೀ ಬಂದು ಎರಡೂ ರಾಶಿಗೆ ಕೈ ಹಾಕಿ ನೋಡಿದರು. ಕೆಳಗಿನವರದರಲ್ಲಿ ಅರ್ಧ ಹಸಿರು ಕಾಯಿಯೇ. ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುವ ದೀಪಶ್ರೀ ರೈಟರಿಗೆ ಹೇಳಿದರು:

"ನಮ್ಮ ಟೀಮಲ್ಲೂ ಎರಡು ವಾರಕ್ಕೊಂದ್ಸಲ ಮುಗಿದ ಕೆಲಸ ಎಷ್ಟು ದೊಡ್ಡದು ಅಂತ ಪಾಯಿಂಟ್ ಲೆಕ್ಕ ಹಾಕ್ತೀವಿ ಚಿದಾನಂದಣ್ಣ. ಜಾಸ್ತಿ ಪಾಯಿಂಟಿನ ಟೀಮನ್ನ ಮೇಲಿನವ್ರು ಹೊಗಳಿದ್ರು. ಆಮೇಲೆ ಅದೇ ಕೆಲಸಕ್ಕೆ ಎಲ್ರೂ ಜಾಸ್ತಿ ಪಾಯಿಂಟ್ ಹಾಕೋಕೆ ಶುರು ಮಾಡಿದ್ರು, ಅಷ್ಟೇ. ಮುಂದಿನ ಸಲ ಎಷ್ಟು ಕೆಲಸ ಒಪ್ಕೋಬಹುದು ಅಂತ ಅಂದಾಜಿಗೆ ಆ ನಂಬರು. ಕೆಲಸದ ಬೆಲೆ ಅದ್ರಲ್ಲಿ ಗೊತ್ತಾಗಲ್ಲ."

ರೈಟರ್ ಹಲಗೆ ಒರೆಸಿದರು. "ಗಿರಿಜಕ್ಕ, ನಾಳೆಯಿಂದ ಕೆಳಗಿನ ಬ್ಲಾಕಿನವ್ರಿಗೂ ಆರಿಸೋದು ತೋರ್ಸಿಕೊಡಿ" ಎಂದರು ದೀಪಶ್ರೀ.

ನಮ್ಮ ರಾಶಿಯ ಒಂದು ಹಣ್ಣು ಹಿಸುಕಿ ಬಾಯಿಗಿಟ್ಟೆ, ಇವರು ದಿನಾ ಮಾಡುತ್ತಿದ್ದ ಹಾಗೆ. ಸಿಹಿಯಾಗಿತ್ತು. ಇವರಿದ್ದಿದ್ದರೆ ಏನನ್ನುತ್ತಿದ್ದರೋ. ಬೀಡಿ ಹಚ್ಚುತ್ತಿದ್ದರು, ಅಷ್ಟೇ.

ತುಂಬ ದಿನದ ಮೇಲೆ ಇವತ್ತು ಊಟದಲ್ಲಿ ಎರಡನೇ ಸಲ ಅನ್ನ ಹಾಕಿಕೊಂಡೆ.

ಇವತ್ತಿನ ನಾನೂರು ಕೆಜಿ ಲೆಕ್ಕದಲ್ಲಿ, ಚೀಲಕ್ಕೆ ಐವತ್ತು ಕೆಜಿಯಂತೆ, ನಾಳೆ ನಮ್ಮ ಗ್ಯಾಂಗಿಗೆ ಎಂಟು ಚೀಲ ಸಾಕು.