ಹೆಸರಿನ ಹಲಗೆ

ಮಗಳೇ,

ನಮ್ಮ ಶಾಲೆಗೆ ನಲವತ್ತು ವರ್ಷ ತುಂಬಿತು. ಕಾಲೇಜು ಸೀಟು ಪಡೆದವರ ಹೆಸರಿನ ಹಲಗೆಗೆ ಇವತ್ತು ಹೊಸ ಬಣ್ಣ ಹಚ್ಚಿಸಿದರು. ನೆಲ ಒರೆಸುತ್ತಿದ್ದ ನನ್ನನ್ನು ಹೆಡ್‌ಮೇಡಂ ಕರೆದರು.

“ಆಯಾ, ನಿಮ್ಮ ಮಗಳಿಗೂ, ಅವಳು ಹೋದಮೇಲೆ, ಸೀಟು ಬಂತಲ್ಲ. ಅವಳ ಹೆಸರೂ ಬರೆಸೋಣವಾ?”

“ಬೇಗ ಹೇಳಮ್ಮ, ಏಣಿ ಮೇಲೆ ನಿಂತು ಕಾಲು ನೋಯ್ತಿದೆ,” ಅಂದ ಪೇಂಟರ್.

ಕೆಲಸದವರ ಮಕ್ಕಳಿಗೆಂದು ಇಲ್ಲಿ ಫೀಸಿಲ್ಲದ ಜಾಗ ಒಂದೇ ಇತ್ತು, ಅದು ನಿನಗೆ ಸಿಕ್ಕಿತ್ತು. “ಅಮ್ಮಾ, ನನ್ನ ಕೈಲಾಗಲ್ಲ, ಈ ಶಾಲೆ ಬಿಡಿಸು” ಎಂದು ನೀನು ಅತ್ತಾಗ, ಪರೀಕ್ಷೆ ಮುಗಿಯುವವರೆಗೆ ಶಾಲೆ ಬಿಡುವುದಿಲ್ಲವೆಂದು ನಾನು ನಿನ್ನಿಂದ ದೇವರ ಮುಂದೆ ಆಣೆ ಮಾಡಿಸಿದೆ. ನೀನು ಆಣೆ ತಪ್ಪಲಿಲ್ಲ. ಕೊನೆಯ ಪರೀಕ್ಷೆ ಬರೆದು, ಮಾರನೆಯ ದಿನ ನಿನ್ನ ಜೀವ ನೀನೇ ತೆಗೆದುಕೊಂಡೆ.

“ಬೇಡ ಮೇಡಂ,” ಅಂದೆ. “ಶಾಲೆ ಬಿಡಿಸು ಅಂತ ಅತ್ತಿದ್ದಳು. ಇವತ್ತು ಬಿಡಿಸ್ತಿದ್ದೀನಿ.”